ಹಳೇ ಗಾಡಿಗೆ ಬಣ್ಣ: ಇರುವಷ್ಟು ದುಡ್ಡನ್ನು ಎಲ್ಲಿ ಹಾಕಬೇಕು?

ಪ್ರಶ್ನೆ: ನಮ್ಮದು 19 ವರ್ಷದ ಕೆಂಪು ಕಾರು. ಅಪ್ಪ ಓಡಿಸುತ್ತಿದ್ದರು, ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ. ಆದರೆ ಬಾನೆಟ್ಟು ಮತ್ತು ಟಾಪು ಬಿಳಚಿಕೊಂಡಿವೆ. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ನಾಲ್ಕೈದು ಗುಳ್ಳೆ ಎದ್ದಿವೆ. ಒಬ್ಬರು ಪೂರ್ತಿ ಪೇಂಟಿಗೆ ಕೇಳಿದ ದುಡ್ಡು ಕಾರು ಮಾರಿದರೂ ಬರುವುದಿಲ್ಲ. ಇನ್ನೊಬ್ಬರು ಅದರ ಕಾಲು ಭಾಗಕ್ಕೆ, ಎರಡೇ ದಿನದಲ್ಲಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಅವರ ಹತ್ತಿರ ಕೊಡಲಾ?

ಉತ್ತರ: ಸದ್ಯಕ್ಕೆ ಇಬ್ಬರಿಗೂ ಕೊಡಬೇಡಿ. ಮೊದಲು ಬಾನೆಟ್ಟಿನ ಒಂದು ಜಾಗ ತೊಳೆದು ಒಣಗಿಸಿ. ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಸವೆಸುವ ಪೇಸ್ಟ್) ಹಚ್ಚಿಕೊಂಡು ಅಂಗೈ ಅಗಲದಷ್ಟು ಜಾಗ ಮೆತ್ತಗೆ ಉಜ್ಜಿ. ಬಟ್ಟೆಗೆ ಕೆಂಪು ಹತ್ತಿತಾ? ಹಾಗಿದ್ದರೆ ನಿಮ್ಮ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಇಲ್ಲ. ಬಿಸಿಲಿಗೆ ಸತ್ತಿರುವುದು ಮೇಲಿನ ಪದರ ಮಾತ್ರ, ಅಡಿಯ ಬಣ್ಣಕ್ಕೆ ಇನ್ನೂ ಜೀವ ಇದೆ. ಪಾಲಿಶ್ ಮಾಡಿಸಿದರೆ ಬಾನೆಟ್ಟು, ಟಾಪು ಎರಡೂ ಉಳಿಯಬಹುದು. ಬಟ್ಟೆಗೆ ಏನೂ ಹತ್ತದೆ, ಬಣ್ಣದ ಮೇಲಿಂದ ಗಾಜಿನಂಥ ಚಕ್ಕೆ ಏಳುತ್ತಿದ್ದರೆ ಕ್ಲಿಯರ್ ಕೋಟ್ ಕಿತ್ತು ಬರುತ್ತಿದೆ ಅಂತ ಅರ್ಥ. ಅದಕ್ಕೆ ಯಾವ ಪಾಲಿಶೂ ಮದ್ದಲ್ಲ, ಆ ಭಾಗಕ್ಕೆ ಪೇಂಟೇ ಆಗಬೇಕು. ಒಂದು ಎಚ್ಚರ: ಕಂಪನಿಯಿಂದ ಬರುವ ಬಣ್ಣ ಎಲ್ಲ ಪದರ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಹೆಚ್ಚುಕಮ್ಮಿ ಒಂದು ಹಾಳೆ ಕಾಗದದಷ್ಟು ದಪ್ಪ, ಅಷ್ಟೇ. ಅಂಚಿನಲ್ಲಿ ಇನ್ನೂ ತೆಳು. ಅಲ್ಲಿ ಜಾಸ್ತಿ ಉಜ್ಜಿದರೆ ಬಣ್ಣದ ಅಡಿಗೆ ಹೊಡೆದಿರುವ ಪ್ರೈಮರ್ ಕಾಣಿಸಿಕೊಳ್ಳುತ್ತದೆ.

ಈಗ ಆ ಗುಳ್ಳೆಗಳ ವಿಷಯ. ನನಗೆ ನಿಜವಾಗಿ ಚಿಂತೆ ಇರುವುದು ಅದರದ್ದೇ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ತುಕ್ಕು ಬಂದಿತ್ತು. ಮೇಲೆ ಮೇಲೆ ಉಜ್ಜಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆಯಿತು, ಎರಡನೆಯದರಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕಂಡಿತು. ಸ್ಕ್ರೂಡ್ರೈವರ್ ತುದಿಯಲ್ಲಿ ಮೀಟಿದೆ. ಬಣ್ಣ, ಪುಟ್ಟಿ ಎಲ್ಲ ಒಂದೇ ಬಿಲ್ಲೆಯಾಗಿ ಎದ್ದು ಬಂತು. ತಿರುಗಿಸಿ ನೋಡಿದರೆ ಪುಟ್ಟಿಯ ಬೆನ್ನೆಲ್ಲ ಒದ್ದೆ, ಕಂದು ಪುಡಿ ಮೆತ್ತಿಕೊಂಡಿತ್ತು. ಆ ಬಿಲ್ಲೆ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ತುಕ್ಕಿನ ಮೇಲೆ ಪೇಂಟ್ ಹೊಡಿ ಅಂತ ಆಮೇಲೆ ಯಾರೇ ಹೇಳಿದರೂ ನಾನು ಒಪ್ಪಲಿಲ್ಲ.

ಬಾಗಿಲಿನ ತಳದಲ್ಲಿ ಗುಳ್ಳೆ ಬಂದರೆ ಬಹಳ ಸಲ ತುಕ್ಕು ಒಳಗಿನಿಂದ ತಿನ್ನುತ್ತಾ ಬಂದಿರುತ್ತದೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಕೆಳಗೆ ಬಗ್ಗಿ ನೋಡಿ, ಮಣ್ಣು ಕಟ್ಟಿಕೊಂಡಿರಬಹುದು. ತಂತಿ ಹಾಕಿ ಬಿಡಿಸಿ. ಆಮೇಲೆ ಗುಳ್ಳೆ ಇರುವ ಕಡೆ ಸ್ಕ್ರೂಡ್ರೈವರಿನಿಂದ ಒತ್ತಿ. ತಗಡು ಗಟ್ಟಿ ಇದ್ದರೆ ನಿಮ್ಮ ಅದೃಷ್ಟ. ಸುತ್ತ ಒಂದೆರಡು ಇಂಚು ಜಾಸ್ತಿ ಸೇರಿಸಿಕೊಂಡು ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ದ್ರವ ಹಚ್ಚಿ, ಡಬ್ಬಿ ಮೇಲೆ ಹೇಳಿದ ಹಾಗೆ ತೊಳೆದು ಪೂರ್ತಿ ಒಣಗಿಸಿ, ತಡ ಮಾಡದೆ ಎಪಾಕ್ಸಿ ಪ್ರೈಮರ್ ಹೊಡೆಸಿ. ಸ್ಕ್ರೂಡ್ರೈವರ್ ಒಳಗೇ ಹೋಯಿತು ಅಂದರೆ ಟಿಂಕರಿಂಗ್ ಮಾಡಿಸಲೇಬೇಕು. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಬೆಸುಗೆ ಹಾಕಿಸಿ. ತೂತಿಗೆ ಪುಟ್ಟಿ ತುಂಬಿದರೆ ನಿಲ್ಲುವುದಿಲ್ಲ. ಪುಟ್ಟಿ ಇರುವುದು ಎರಡು ಮೂರು ಮಿಲಿಮೀಟರ್ ತಗ್ಗು ಸಮ ಮಾಡುವುದಕ್ಕೆ. ಅದನ್ನು ಒಣದಾಗಿಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದರೆ ಪುಟ್ಟಿ ನೀರು ಕುಡಿಯುತ್ತದೆ, ಮುಂದೆ ಅದೇ ಗುಳ್ಳೆಯಾಗುತ್ತದೆ.

ಎರಡು ದಿನದ ಲೆಕ್ಕ ನೋಡಿ. ಗಾಜು, ರಬ್ಬರಿಗೆ ಟೇಪ್ ಹಚ್ಚಿ, ಹಳೇ ಬಣ್ಣವನ್ನು ಬೇಗ ಬೇಗ ಉಜ್ಜಿ ಸ್ಪ್ರೇ ಗನ್ ಹಿಡಿಯುವುದಕ್ಕೆ ಅಷ್ಟು ಸಮಯ ಸಾಕು. ತುಕ್ಕು ತೆಗೆಯುವುದು, ಪ್ರೈಮರ್ ಒಣಗಿಸುವುದು, ಸಮ ಮಾಡುವುದು ಅದರಲ್ಲಿ ಹಿಡಿಸುವುದಿಲ್ಲ. ನಾನು ಹೇಳುವುದು ಇಷ್ಟೇ: ಪೂರ್ತಿ ಕಾರಿಗೆ ಅರ್ಧಂಬರ್ಧ ಕೆಲಸ ಬೇಡ. ಒಂದು ಬಾಗಿಲಿಗೆ, ಬೇಕಾದರೆ ಬಾನೆಟ್ಟು ಮತ್ತು ಟಾಪಿಗೂ, ಸರಿಯಾದ ಕೆಲಸ ಮಾಡಿಸಿ. ಪೇಂಟಿನವರ ಹತ್ತಿರ ಎರಡೇ ಮಾತು ಕೇಳಿ. ತುಕ್ಕಿಗೆ ಏನು ಮಾಡ್ತೀರಿ? ಯಾವ ಯಾವ ಭಾಗ ಬಿಚ್ಚಿ ಹೊಡೀತೀರಿ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಬಿಚ್ಚುವ ಕೆಲಸ ನೀವೇ ಮಾಡಿದರೆ ಕೂಲಿ ಉಳಿಯುತ್ತದೆ. ಬಾಗಿಲಿನ ಹಿಡಿ, ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಬಿಚ್ಚಿ, ಆಯಾ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ರಬ್ಬರಿನ ಅಂಚಿಗೆ ಟೇಪ್ ಹಚ್ಚಿ ಹೊಡೆದ ಬಣ್ಣ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಹಾಗಾಗಿ ಈ ಶ್ರಮ ದಂಡವಲ್ಲ. ಇನ್ನೊಂದು ಮಾತು, ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಬಾಗಿಲಿಗೆ ಬಣ್ಣ ಕಲಸುವ ಮೊದಲೇ ಉಳಿದ ಕಾರು ಪಾಲಿಶ್ ಆಗಿರಬೇಕು. ಬಿಳಚಿದ ಕೆಂಪಿಗೆ ಹೊಂದಿಸಿ ಹೊಡೆದು, ಆಮೇಲೆ ಪಾಲಿಶ್ ಮಾಡಿಸಿದರೆ ಬಾಗಿಲೊಂದೇ ಬೇರೆ ಕಾರಿನದ್ದು ಅನ್ನಿಸುತ್ತದೆ. ಆದರೆ ಪಾಲಿಶಿನಲ್ಲಿ ಸಿಲಿಕಾನ್ ಇರಬಹುದು. ಪೇಂಟ್ ಆಗುವ ಬಾಗಿಲಿಗೆ ಅದು ತಾಗಿದ್ದರೆ ಬಣ್ಣ ಅಲ್ಲಲ್ಲಿ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ಉಜ್ಜುವ ಮೊದಲೇ ಜಿಡ್ಡು ತೆಗೆಯುವ ದ್ರವದಿಂದ ಒರೆಸಲು ಹೇಳಿ.

ಪ್ರಶ್ನೆ: ಬೈಕಿನ ಟ್ಯಾಂಕಿಗೆ ಮನೆಯಲ್ಲೇ ಸ್ಪ್ರೇ ಕ್ಯಾನಿನಿಂದ ಬಣ್ಣ ಹೊಡೆಯಬಹುದಾ?

ಉತ್ತರ: ಹೊಡೆಯಬಹುದು, ಆದರೆ ಟ್ಯಾಂಕಿಗೆ ಮಾತ್ರ ಒಂದು ತೊಂದರೆ ಇದೆ. ಸಾದಾ ಕ್ಯಾನಿನ ಬಣ್ಣದ ಮೇಲೆ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಹಾರ್ಡ್ನರ್ (ಗಟ್ಟಿ ಮಾಡುವ ದ್ರವ) ಸೇರಿಸುವ ಟೂ ಕೆ ಕ್ಲಿಯರ್ ಪೆಟ್ರೋಲನ್ನು ತಡೆಯುತ್ತದೆ. ಆದರೆ ಅದರ ಹಾರ್ಡ್ನರಿನಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಎದೆಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಜೀವಮಾನ ಬಿಡದೇ ಇರಬಹುದು. ಬಟ್ಟೆಯ ಮಾಸ್ಕ್ ಏನೇನೂ ಸಾಲದು. ದಯವಿಟ್ಟು ಮನೆಯೊಳಗೆ, ಮಕ್ಕಳಿರುವ ಕಡೆ ಅದನ್ನು ಹೊಡೆಯಬೇಡಿ. ಉಜ್ಜಿ ಪ್ರೈಮರ್ ಹಾಕುವವರೆಗೆ ನೀವು ಮಾಡಿ, ಬಣ್ಣ ಮತ್ತು ಕ್ಲಿಯರ್ ಮಾತ್ರ ಶೆಡ್ಡಿನಲ್ಲಿ ಹೊಡೆಸಿ. ಯಾವ ಪ್ರೈಮರ್ ಹಾಕಲಿ ಅಂತ ಮೊದಲೇ ಶೆಡ್ಡಿನವರನ್ನು ಕೇಳಿ, ಏಕೆಂದರೆ ಸಾದಾ ಪ್ರೈಮರಿನ ಮೇಲೆ ಟೂ ಕೆ ಹೊಡೆದರೆ ಅಡಿಯ ಪದರ ಎದ್ದು ಬರಬಹುದು.

ಪ್ರಶ್ನೆ: ಹೇಗೂ ಪೇಂಟ್ ಮಾಡಿಸುತ್ತೇನೆ, ಕಾರಿನ ಬಣ್ಣವನ್ನೇ ಬದಲಾಯಿಸಿಬಿಡಲಾ?

ಉತ್ತರ: ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬೇಡ. ಬಾಗಿಲ ಸಂದು, ಡಿಕ್ಕಿಯ ಒಳಭಾಗ, ಬಾನೆಟ್ಟಿನ ಅಡಿ ಎಲ್ಲಕ್ಕೂ ಹೊಡೆಯಬೇಕಾಗುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ಹಳೇ ಬಣ್ಣ ಇಣುಕುತ್ತದೆ. ನೋಂದಣಿ ಪತ್ರದಲ್ಲಿ ಬಣ್ಣ ನಮೂದಾಗಿದ್ದರೆ ಅದನ್ನೂ ತಿದ್ದಿಸಬೇಕು.