ದಂಡೆಯ ಮೇಲೆ ಕಡಲಾಮೆ ಗೂಡು: ಕಾಯುವುದು ಹೇಗೆ?

ಪ್ರಶ್ನೆ: ಕಾರವಾರದ ಟಾಗೋರ್ ಕಡಲತೀರದಲ್ಲಿ ದಿನಾ ವಾಕಿಂಗ್ ಹೋಗುವ ನಾಲ್ಕಾರು ಗೆಳೆಯರಿದ್ದೇವೆ. ಈ ಸಲ ಆಮೆ ಗೂಡು ಕಂಡರೆ ಕಾಯುವ ಮನಸ್ಸಿದೆ. ಜನ ತಿರುಗಾಡುವ ಜಾಗವಾದ್ದರಿಂದ ಮೊಟ್ಟೆ ತೆಗೆದು ಬೇರೆಡೆ ಹೂಳಬಹುದೇ? ಸುತ್ತ ಹಳೇ ಮೀನುಬಲೆ ಕಟ್ಟಿದರೆ ಸಾಕೇ?

ಉತ್ತರ: ಮೊಟ್ಟೆಗೆ ಕೈ ಹಾಕಬೇಡಿ. ನಮ್ಮ ತೀರದಲ್ಲಿ ಗೂಡು ಮಾಡುವ ಆಲಿವ್ ರಿಡ್ಲೆ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಗೂಡು ಸ್ಥಳಾಂತರಿಸುವುದು ಅರಣ್ಯ ಇಲಾಖೆಯ ಕೆಲಸ. ಕಾನೂನು ಹಾಗಿರಲಿ, ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯುತ್ತದೆ. ಹೊರಗಿನಿಂದ ಏನೂ ತಿಳಿಯದು; ಐವತ್ತು ದಿನ ಕಾದ ಮೇಲೆ ಕೊಳೆತ ಮೊಟ್ಟೆ ಸಿಗುತ್ತದೆ.

ನೀವು ನಸುಕಿನಲ್ಲೇ, ಜನ ತುಳಿಯುವ ಮೊದಲು, ಒಂದು ಸುತ್ತು ಹಾಕಿ. ನೀರಿನಿಂದ ಮೇಲೇರಿ ಮತ್ತೆ ಇಳಿದ, ಎರಡು-ಎರಡೂವರೆ ಅಡಿ ಅಗಲದ ಜಾಡು ಕಂಡರೆ ಫೋಟೊ ತೆಗೆದು ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಸಿಬ್ಬಂದಿ ನೋಡಿದ ಮೇಲೆ ಜಾಡು ಅಳಿಸಿಬಿಡಿ. ಕೋಲು ಚುಚ್ಚಿ ಹುಡುಕುವವರನ್ನು ತಡೆಯಿರಿ: ಒಂದು ಮೊಟ್ಟೆ ಒಡೆದರೂ ವಾಸನೆಗೆ ಇರುವೆ, ಏಡಿ, ನಾಯಿ ಎಲ್ಲವೂ ಬರುತ್ತವೆ.

ಬಲೆ ಬೇಡವೇ ಬೇಡ, ಮರಿಗಳ ರೆಕ್ಕೆಗಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿ ಕಾಟವಿದ್ದರೆ ಇಲಾಖೆಯವರ ಜೊತೆ ನಿಂತು ನಾಲ್ಕಡಿ ಚೌಕದ, 5×10 ಸೆಂ.ಮೀ. ಕಣ್ಣಿನ ಗಟ್ಟಿ ಜಾಲರಿಯನ್ನು ಗೂಡಿನ ಮೇಲೆ ಮಟ್ಟಸವಾಗಿ ಹಾಸಿ, ನಾಲ್ಕೂ ಮೂಲೆಗೆ ಗೂಟ ಹೊಡೆದು, ಮೇಲೆ ತೆಳುವಾಗಿ ಮರಳು ಎಳೆಯಿರಿ. ನಾಲ್ಕು ಸೆಂ.ಮೀ. ಉದ್ದದ ಮರಿ ತಾನೇ ನುಸುಳಿ ಬರುತ್ತದೆ.

ಮೊಟ್ಟೆ ಇಟ್ಟ 45ನೇ ದಿನದಿಂದ ರಾತ್ರಿ ಪಾಳಿ ಶುರು ಮಾಡಿ, ಪಾಳಿಗೆ ಇಬ್ಬರು. ಗೂಡಿನ ಮೇಲಿನ ಮರಳು ಕುಸಿದು ತಗ್ಗಾದರೆ ಮರಿ ಹೊರಡುವುದು ಹತ್ತಿರವಾಯಿತು. ನಿಜವಾದ ಶತ್ರು ಅಂಗಡಿ, ಹೋಟೆಲುಗಳ ಬೆಳಕು: ಮರಿ ಬೆಳಕಿದ್ದ ಕಡೆಗೇ ನಡೆದು ರಸ್ತೆಗೆ ಹೋಗುತ್ತದೆ. ಅವರ ಬಳಿ ಮೊದಲೇ ಮಾತಾಡಿ, ಸಮುದ್ರಕ್ಕೆ ಮುಖ ಮಾಡಿದ ದೀಪ ಆರಿಸಿ. ನಿಮ್ಮ ಟಾರ್ಚಿಗೆ ಕೆಂಪು ಕಾಗದ ಕಟ್ಟಿ. ಗೂಡಿನಿಂದ ನೀರಿನವರೆಗೆ ಹೆಜ್ಜೆಗುಳಿ, ಮಕ್ಕಳು ತೋಡಿದ ಹೊಂಡ ಮುಚ್ಚಿ. ಜನರನ್ನು ಗೂಡಿನ ಹಿಂದೆ ನಿಲ್ಲಿಸಿ.

ಪ್ರಶ್ನೆ: ರಾತ್ರಿ ಹೊರಬಂದ ಮರಿಗಳನ್ನು ಬಕೆಟ್ಟಿನಲ್ಲಿಟ್ಟು, ಬೆಳಿಗ್ಗೆ ಪ್ರವಾಸಿಗರ ಎದುರು ಬಿಡಬಹುದೇ? (ಹೊನ್ನಾವರ)

ಉತ್ತರ: ಬೇಡ. ಹುಟ್ಟುವಾಗ ಮರಿಯ ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಯೇ ಅದಕ್ಕೆ ಆಳ ನೀರು ಮುಟ್ಟುವವರೆಗಿನ ಬುತ್ತಿ. ಬಕೆಟ್ಟಿನಲ್ಲಿ ಈಜಾಡಿ ಅದು ಅಲ್ಲೇ ಖರ್ಚಾಗುತ್ತದೆ. ಬೆಳಕಾದರೆ ಕಾಗೆ, ಹದ್ದುಗಳೂ ಕಾದಿರುತ್ತವೆ.

ಪ್ರಶ್ನೆ: ಬಲೆಗೆ ಬಿದ್ದ ಆಮೆ ಅಲುಗಾಡದಿದ್ದರೆ ಸತ್ತಿದೆಯೆಂದು ನೀರಿಗೆ ಎಸೆಯುತ್ತೇವೆ. ಸರಿಯೇ? (ಅಂಕೋಲಾ)

ಉತ್ತರ: ಉಸಿರುಗಟ್ಟಿ ಎಚ್ಚರ ತಪ್ಪಿರಬಹುದು, ಆಗ ಎಸೆದರೆ ಮುಳುಗಿಯೇ ಸಾಯುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿ ಎತ್ತರಿಸಿ. ಶ್ವಾಸಕೋಶದ ನೀರು ಇಳಿಯುತ್ತದೆ. ನೆರಳಿನಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ, ಮೂಗು ಮುಚ್ಚಬೇಡಿ. ಚೇತರಿಸಿಕೊಳ್ಳಲು ನಾಲ್ಕು ಗಂಟೆಯಿಂದ ಇಡೀ ದಿನವೂ ಬೇಕಾದೀತು. ಚೇತರಿಸಿಕೊಂಡ ಮೇಲೆ ದೋಣಿಯ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಬಲೆಯಿಲ್ಲದ ಕಡೆ ಮೆಲ್ಲಗೆ ಇಳಿಸಿ.