'ಪರವಾಗಿಲ್ಲ' ಅನ್ನುವವರ ಕಾಲ್ಬೆರಳು ನೋಡಿ

ಪ್ರಶ್ನೆ: ನನಗೆ 34 ವರ್ಷ. ಬನಶಂಕರಿಯಿಂದ ಮಾರತ್‌ಹಳ್ಳಿಗೆ ದಿನಾ ಸ್ಕೂಟರಿನಲ್ಲಿ ಓಡಾಟ. ಹೆಗಲು ಹಿಡಿದುಕೊಂಡಿತ್ತು ಅಂತ ಕಳೆದ ಶನಿವಾರ ಮೊದಲ ಸಲ ಡೀಪ್ ಟಿಶ್ಯೂ ಮಸಾಜ್ (ಸ್ನಾಯುವಿನ ಆಳಕ್ಕೆ ಒತ್ತುವ ಮಸಾಜ್) ಮಾಡಿಸಿದೆ. ಭಾನುವಾರ ಹೆಲ್ಮೆಟ್ ಹಾಕಿಕೊಳ್ಳಲು ಕೈ ಎತ್ತಲಾಗಲಿಲ್ಲ. ಫೋನ್ ಮಾಡಿದರೆ, 'ಮೈಯಲ್ಲಿದ್ದ ವಿಷ ಹೊರಗೆ ಬರ್ತಿದೆ ಸರ್, ಚೆನ್ನಾಗಿ ನೀರು ಕುಡೀರಿ' ಎಂದರು. ಮೂರು ಲೀಟರ್ ಕುಡಿದೆ. ಬಾತ್‌ರೂಮಿಗೆ ಓಡಿದ್ದಷ್ಟೇ ಬಂತು. ಇದೇನು ಮೇಡಂ?
– ಓದುಗ, ಬನಶಂಕರಿ

ಉತ್ತರ: ವಿಷವೂ ಇಲ್ಲ, ಗಿಷವೂ ಇಲ್ಲ. ನಿಮ್ಮ ಹೆಗಲಿಗೆ ಅಭ್ಯಾಸವಿಲ್ಲದ ಒತ್ತಡ ಬಿದ್ದಿದೆ. ಐದು ವರ್ಷ ಜಿಮ್ ಕಡೆ ತಲೆ ಹಾಕದವರು ಒಂದೇ ದಿನ ನೂರು ಬಸ್ಕಿ ಹೊಡೆದರೆ ಮಾರನೆಯ ದಿನ ತೊಡೆ ಕಿರುಚುತ್ತದಲ್ಲ, ಇದೂ ಅದರ ಹತ್ತಿರದ ನೆಂಟ. ಸ್ನಾಯು ಸ್ವಲ್ಪ ಕೆರಳುತ್ತದೆ, ಸಣ್ಣಗೆ ಉರಿಯೂತವಾಗುತ್ತದೆ. ಕೆಲವರು ಇದನ್ನು, ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲದ ತಲೆಗೆ ಕಟ್ಟುತ್ತಾರೆ. ಪಾಪ, ಅದು ವ್ಯಾಯಾಮ ಮುಗಿದು ಸುಮಾರು ಒಂದು ಗಂಟೆಯೊಳಗೆ ಮೈಯಿಂದ ಖಾಲಿಯಾಗಿರುತ್ತದೆ, ಮಾರನೆಯ ದಿನಕ್ಕೆ ಉಳಿಯುವುದೇ ಇಲ್ಲ.

ಬಿಸಿನೀರು ಹುಯ್ದುಕೊಳ್ಳಿ, ಕೈಯನ್ನು ನಿಧಾನಕ್ಕೆ ಆಡಿಸುತ್ತಿರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೂರು ದಿನ ದಾಟಿದರೂ ಇಳಿಯದಿದ್ದರೆ, ಕೈಗೆ ಜೋಮು ಬಂದರೆ, ಅಥವಾ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ವೈದ್ಯರಲ್ಲಿಗೆ ಹೋಗಿ. ಕೊನೆಯದು ಬಲು ಅಪರೂಪ, ಆದರೆ ಹಾಗಾದರೆ ಅದೇ ದಿನ ಹೋಗಬೇಕು.

ಪ್ರಶ್ನೆ: ಎರಡು ವರ್ಷದಿಂದ ಮಸಾಜ್ ಕೆಲಸದಲ್ಲಿದ್ದೇನೆ. ಗಿರಾಕಿಗಳೇ 'ಇನ್ನೂ ಜೋರಾಗಿ ಒತ್ತಿ, ಕೊಟ್ಟ ದುಡ್ಡಿಗೆ ಗೊತ್ತಾಗ್ಬೇಕು' ಅನ್ನುತ್ತಾರೆ. ಮಾರನೆಯ ದಿನ ಮೈ ನೋವು ಅಂತ ಅವರೇ ಒಂದು ಸ್ಟಾರ್ ಕೊಡುತ್ತಾರೆ. ಏನು ಮಾಡಲಿ?
– ಓದುಗಿ, ಎಚ್‌ಎಸ್‌ಆರ್ ಲೇಔಟ್

ಉತ್ತರ: ನಾನೂ ಈ ಏಟು ತಿಂದವಳೇ. ಕೆಲಸಕ್ಕೆ ಸೇರಿದ ಹೊಸತು. ಊರಲ್ಲಿ 10 ಕಿಲೋಮೀಟರ್ ಓಟ ನಡೆದ ಮಾರನೆಯ ಬೆಳಿಗ್ಗೆ, ಅದರಲ್ಲಿ ಓಡಿದ್ದ ಒಬ್ಬರು ಜಯನಗರದ ನಮ್ಮ ಕೋಣೆಗೆ ಕುಂಟುತ್ತಾ ಬಂದರು. ನಾನು ಅವರ ಮೀನಖಂಡಕ್ಕೆ ನೇರವಾಗಿ ಮೊಣಕೈ ಊರಿದೆ. 'ಆಯ್ತಾ ಸರ್?' ಅಂದರೆ 'ಪರವಾಗಿಲ್ಲ' ಅಂದರು. ಕಾಲ್ಬೆರಳುಗಳು ಮಾತ್ರ ಮುದುಡಿ ಹಾಸುಬಟ್ಟೆ ಹಿಡಿದುಕೊಂಡಿದ್ದವು. ಗಂಟು ಸಿಕ್ಕಿತು ಅಂತ ಇನ್ನಷ್ಟು ಒತ್ತಿದೆ. ಮೊದಲೇ ಓಟದಿಂದ ಕೆರಳಿದ್ದ ಸ್ನಾಯು. ಮೂರು ದಿನ ಅವರು ಮನೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರಂತೆ.

ನಮ್ಮ ಜನಕ್ಕೆ 'ನೋಯ್ತಿದೆ' ಅನ್ನಲು ದಾಕ್ಷಿಣ್ಯ. 'ಹತ್ತರಲ್ಲಿ ಎಷ್ಟು ನೋವು?' ಅಂತ ಕೇಳಿ. ನಾನು ಆರು ದಾಟಿಸುವುದಿಲ್ಲ. ಆದರೆ ಬಾಯಿ ಹೇಳುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಉಸಿರು ಹಿಡಿದರೆ, ಹುಬ್ಬು ಗಂಟಿಕ್ಕಿದರೆ, ಬೆರಳು ಮುದುಡಿದರೆ ಕೈ ಸಡಿಲಿಸಿ. ನೋವಾದಾಗ ಸ್ನಾಯು ತನ್ನನ್ನು ಕಾಯ್ದುಕೊಳ್ಳಲು ಬಿಗಿಯಾಗುತ್ತದೆ. ನೀವು ಅದನ್ನು ಗಂಟು ಅಂದುಕೊಂಡು ಒತ್ತುತ್ತೀರಿ, ಅದು ಇನ್ನೂ ಬಿಗಿಯುತ್ತದೆ. ಈ ಹಗ್ಗಜಗ್ಗಾಟದಲ್ಲಿ ಗೆದ್ದರೂ ಸೋಲು ನಿಮ್ಮದೇ.

ಎಣ್ಣೆನೀರಿನ ದಿನ ನಮ್ಮಜ್ಜಿ ಬೆರಳು ಹಾಕುವ ಮೊದಲು ಬೆಚ್ಚಗಿನ ಹರಳೆಣ್ಣೆಯನ್ನು ಅಂಗೈಯಲ್ಲೇ ಬೆನ್ನಿಗೆಲ್ಲ ನೀವುತ್ತಿದ್ದಳು. ನಾನೂ ಮೊದಲ ಹತ್ತು ನಿಮಿಷ ಬರೀ ಅಂಗೈ. ಆಮೇಲೆ ಮುಂಗೈ. ಹೆಬ್ಬೆರಳು, ಮೊಣಕೈ ಕೊನೆಗೆ, ಅದೂ ಬೇಕಿದ್ದರೆ. ಭಾರ ತೋಳಿನಿಂದ ಬರಬಾರದು. ಮೈಯನ್ನು ವಾಲಿಸಿ, ಸ್ನಾಯು ತಾನಾಗಿ ಜಾಗ ಬಿಡುವವರೆಗೆ ಕಾಯಿರಿ. ಒಂದೇ ಕಡೆ ರುಬ್ಬಬೇಡಿ, ಬೇರೆ ಕಡೆ ಹೋಗಿ ಮತ್ತೆ ಬನ್ನಿ. ಮೊದಲ ಸಲ ಬಂದವರಿಗೆ ಅವರು ಕೇಳಿದ್ದಕ್ಕಿಂತ ಒಂದು ಹದ ಕಡಿಮೆಯೇ ಇರಲಿ.

ಮಲಗಿಸುವ ಮೊದಲೇ ಕೇಳಬೇಕಾದ್ದೂ ಇದೆ: ನಿನ್ನೆ ಮೊನ್ನೆ ಓಡಿದ್ರಾ, ಜಿಮ್‌ಗೆ ಹೋಗಿದ್ರಾ, ಯಾವ ಮಾತ್ರೆ ನುಂಗ್ತೀರಿ? ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ಒತ್ತಿದರೂ ನೀಲಿಗಟ್ಟಬಹುದು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮುಟ್ಟಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಕಳಿಸಿ.

ಮಸಾಜ್ ಮುಗಿಸಿ ಮನೆಗೆ ಕಳಿಸುವಾಗ 'ನಾಳೆ ಸ್ವಲ್ಪ ನೋಯಬಹುದು' ಅಂತ ನೀವೇ ಹೇಳಿಬಿಡಿ. ಮಾರನೆಯ ದಿನ ಒಂದು ವಾಟ್ಸಾಪ್ ಹಾಕಿ ವಿಚಾರಿಸಿ, ಬಂದ ಉತ್ತರವನ್ನು ಅವರ ಹೆಸರಿನ ಪುಟದಲ್ಲಿ ಬರೆದಿಡಿ. ನಾನಿನ್ನೂ 200 ಪುಟದ ರೂಲ್ಡ್ ನೋಟ್‌ಬುಕ್ಕಿನಲ್ಲೇ ಬರೆಯುವುದು. ಆ ಓಟಗಾರರು ಮತ್ತೆ ಬರಲು ಒಂಬತ್ತು ತಿಂಗಳು ಹಿಡಿಯಿತು. ಅವರ ಪುಟದ ಮೊದಲ ಸಾಲು ಕೆಂಪು ಶಾಯಿಯಲ್ಲಿದೆ: 'ಮೀನಖಂಡ – ಅಂಗೈ ಮಾತ್ರ. ಪರವಾಗಿಲ್ಲ ಅಂತಾರೆ, ನಂಬಬೇಡ.'