ಸೂತ್ರ ಇರುವಾಗ ನ್ಯೂಮರಿಕಲ್ ಮೆಥಡ್ಸ್ ಯಾಕೆ ಬೇಕು?

ತುಮಕೂರಿನಲ್ಲಿ ಎಂಜಿನಿಯರಿಂಗ್ ಓದ್ತಿದ್ದೀರಿ, ನ್ಯೂಮರಿಕಲ್ ಮೆಥಡ್ಸ್, ಅಂದರೆ ಅಂಕಿಗಳನ್ನು ಹಾಕಿ ಹೆಜ್ಜೆಹೆಜ್ಜೆಯಾಗಿ ಉತ್ತರದ ಹತ್ತಿರ ಹೋಗುವ ವಿಧಾನಗಳಲ್ಲಿ ನ್ಯೂಟನ್-ರಾಫ್ಸನ್ (ಸಮೀಕರಣ ಬಿಡಿಸಲು), ರುಂಗೆ-ಕುಟ್ಟ (ಸಮಯದೊಂದಿಗೆ ಬದಲಾಗುವುದನ್ನು ಲೆಕ್ಕ ಹಾಕಲು) ಎಲ್ಲ ಟೇಬಲ್ ಹಾಕಿ ಪಾಸಾಗಿದೆ. ಆದರೆ ಫಿಸಿಕ್ಸ್‌ಗೆ ಸೂತ್ರಗಳೇ ಇರುವಾಗ ಇದು ಯಾರಿಗೆ ಬೇಕು, ಕಂಪ್ಯೂಟರ್ ಇರುವಾಗ ಕೈಯಲ್ಲಿ ಯಾಕೆ ಮಾಡಬೇಕು ಅಂತ ಕೇಳಿದ್ದೀರಿ. ನಾನು ಕೋಲಾರದ ಕಡೆ ತೋಟಗಳಿಗೆ ಪೈಪು, ಪಂಪಿನ ಲೆಕ್ಕ ಹಾಕಿಕೊಡುವವನು. ಹಾಗಾಗಿ ನನ್ನ ಕೆಲಸದಿಂದಲೇ ಶುರು ಮಾಡ್ತೇನೆ.

ಕೃಷಿ ಹೊಂಡದಿಂದ 500 ಮೀಟರ್ ದೂರದ ಟೊಮೆಟೊ ತೋಟಕ್ಕೆ ಸೆಕೆಂಡಿಗೆ 2 ಲೀಟರ್ ನೀರು ಹೋಗಬೇಕು. ಒಳವ್ಯಾಸ 50 ಮಿಲಿಮೀಟರ್ ಇರುವ ಪಿವಿಸಿ ಪೈಪು. ಉಜ್ಜಾಟದಲ್ಲಿ ಎಷ್ಟು ಹೆಡ್ (ನೀರಿನ ಒತ್ತಡವನ್ನು ಎತ್ತರದ ಮೀಟರಿನಲ್ಲಿ ಹೇಳುವುದು) ಹೋಗುತ್ತೆ? ಇದಕ್ಕೆ ಡಾರ್ಸಿ-ವೈಸ್‌ಬಾಕ್ ಸೂತ್ರ ಇದೆ ನಿಜ. ಆದರೆ ಅದರೊಳಗೆ ಫ್ರಿಕ್ಷನ್ ಫ್ಯಾಕ್ಟರ್ ಅಂತ, ಉಜ್ಜಾಟ ಎಷ್ಟು ಅಂತ ಹೇಳುವ ಒಂದು ಅಂಕಿ ಕೂತಿದೆ. ಅದನ್ನು ಕೊಡುವ ಕೋಲ್‌ಬ್ರೂಕ್ ಸಮೀಕರಣದಲ್ಲಿ (1939ರದ್ದು) ಆ ಫ್ಯಾಕ್ಟರ್ ಎಡಗಡೆಯೂ ಇದೆ, ಬಲಗಡೆ ಲಾಗ್ ಒಳಗೂ ಇದೆ. ಮಾಮೂಲಿ ಬೀಜಗಣಿತದಲ್ಲಿ ಅದನ್ನು ಒಂದು ಕಡೆಗೆ ಎಳೆಯಲು ಆಗಲ್ಲ. ಸೂತ್ರ ಕೈಯಲ್ಲೇ ಇದ್ದರೂ ಉತ್ತರ ಸಿಗಲ್ಲ.

ಈಗ ಕ್ಯಾಸಿಯೊ ಕ್ಯಾಲ್ಕುಲೇಟರ್ ತಗೊಳ್ಳಿ. ನಮ್ಮ ಪೈಪಿನ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಕದಡಿದೆ ಅಂತ ಸೂಚಿಸುವ ಅಂಕಿ) ಸುಮಾರು 51000. ಒಳಗೋಡೆ ನುಣುಪು ಅಂತ ಹಿಡಿಯೋಣ. ಫ್ರಿಕ್ಷನ್ ಫ್ಯಾಕ್ಟರ್ ಮೊದಲು 0.02 ಅಂತ ಊಹೆ ಹಾಕಿ ಸಮ (=) ಒತ್ತಿ. ಆಮೇಲೆ ಇದನ್ನು ಟೈಪ್ ಮಾಡಿ (ಆನ್ಸ್ ಅಂದರೆ ಹಿಂದಿನ ಉತ್ತರವನ್ನು ತರುವ ಬಟನ್): 1 ÷ (2 × ಲಾಗ್(51000 × √ಆನ್ಸ್ ÷ 2.51))². ಇನ್ನು ಸುಮ್ನೆ ಸಮ ಒತ್ತುತ್ತಾ ಹೋಗಿ. 0.0209 ಬರುತ್ತೆ, ಆಮೇಲೆ 0.02079, ಆಮೇಲೆ 0.02080. ಅಲ್ಲೇ ನಿಲ್ಲುತ್ತೆ. ಊಹೆಯನ್ನು ಬೇಕಂತಲೇ ಕೆಡಿಸಿ 0.1 ಹಾಕಿದರೂ 0.0172, 0.0213, 0.0207 ಅಂತ ಆಚೀಚೆ ಆಡಿ ಅಲ್ಲಿಗೇ ಬರುತ್ತೆ. ಯಾಕೆಂದರೆ ಲಾಗ್ ತಪ್ಪನ್ನು ಹಿಂಡಿಬಿಡುತ್ತೆ. ಉತ್ತರದ ಹತ್ತಿರ ಬಂದಮೇಲೆ ಪ್ರತಿ ಸುತ್ತಿಗೂ ತಪ್ಪು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ನ್ಯೂಟನ್-ರಾಫ್ಸನ್ ಇದಕ್ಕಿಂತ ಬೇಗ ಮುಟ್ಟಿಸುತ್ತೆ, ಆದರೆ ಇಲ್ಲಿ ಅದರ ಅಗತ್ಯವೇ ಇಲ್ಲ.

ಈ ಅಂಕಿಯಿಂದ ಹೆಡ್ ನಷ್ಟ 11 ಮೀಟರ್ ಬರುತ್ತೆ. ದುಡ್ಡು ಉಳಿಸೋಣ ಅಂತ 40 ಮಿಲಿಮೀಟರ್ ಪೈಪು ಹಾಕಿದರೆ ಅದೇ ಲೆಕ್ಕ 32 ಮೀಟರ್ ಅನ್ನುತ್ತೆ. ಪೈಪಿನಲ್ಲಿ ಉಳಿದದ್ದು ಮೋಟರಿನಲ್ಲಿ ಹೋಯ್ತು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯಂಥ ದೊಡ್ಡ ಪೈಪಿಗೂ ಇದೇ ಭೌತಶಾಸ್ತ್ರ, ಅಳತೆ ಬೇರೆ ಅಷ್ಟೇ.

ಹೀಗೆ ಸುತ್ತು ಹಾಕದೆ ಫ್ರಿಕ್ಷನ್ ಫ್ಯಾಕ್ಟರನ್ನು ಅಂದಾಜಾಗಿ ಕೊಡುವ ನೇರ ಸೂತ್ರವೂ ಇದೆ. ನಮ್ಮ ದೇಶದವರೇ ಆದ ಸ್ವಾಮಿ ಮತ್ತು ಜೈನ್ 1976ರಲ್ಲಿ ಕೊಟ್ಟದ್ದು. ನಮ್ಮ ಪೈಪಿಗೆ ಅದು 0.0207 ಅನ್ನುತ್ತೆ. ನಾನು ಜಾಸ್ತಿ ಬಳಸುವುದು ಅದನ್ನೇ. ಬೆಂಡು, ವಾಲ್ವು, ಫಿಲ್ಟರ್ ಎಲ್ಲ ಸೇರಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುತ್ತವೆ. ಪರೀಕ್ಷೆಯಲ್ಲಿ ಐದು ದಶಮಾಂಶ ಕೇಳುತ್ತಾರಲ್ಲ, ತೋಟದಲ್ಲಿ ಅದಕ್ಕೆ ಬೆಲೆಯಿಲ್ಲ.

ಇನ್ನು ಕೈಯಲ್ಲಿ ಯಾಕೆ ಮಾಡಬೇಕು ಅನ್ನುವುದು. ಕಂಪ್ಯೂಟರ್ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತೆ, ಅದಕ್ಕೆ. ಒಂದು ಉದಾಹರಣೆ ಮಾಡಿ ನೋಡಿ. ಏಪ್ರಿಲ್ ಬಿಸಿಲಿಗೆ ಮನೆಯ ಮೋಲ್ಡು ಕಾಯುತ್ತೆ, ಆದರೆ ಒಳಗೆ ಸೆಖೆ ಏರುವುದು ಸಂಜೆಗೆ. ಆರು ಇಂಚಿನ ಕಾಂಕ್ರೀಟ್ ದಾಟಲು ಶಾಖಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತೆ. ಇದನ್ನು ಲೆಕ್ಕ ಮಾಡಲು ಸ್ಲ್ಯಾಬನ್ನು ಒಂದೊಂದು ಸೆಂಟಿಮೀಟರಿನ ಪದರ ಮಾಡಿ. ಪ್ರತಿ ಪದರದ ಹೊಸ ಉಷ್ಣತೆ ತನ್ನ ಹಳೆಯ ಉಷ್ಣತೆ ಮತ್ತು ಮೇಲೆ ಕೆಳಗಿನ ಎರಡು ಪದರಗಳಿಂದ ಬರುತ್ತೆ. ಕಾಂಕ್ರೀಟಿನ ಡಿಫ್ಯೂಸಿವಿಟಿ (ಶಾಖ ಎಷ್ಟು ಬೇಗ ಹರಡುತ್ತೆ ಅನ್ನುವ ಅಳತೆ) ಸೆಕೆಂಡಿಗೆ 0.7 ಚದರ ಮಿಲಿಮೀಟರ್ ಅಂತ ಹಿಡಿದು, ಸಮಯದ ಹೆಜ್ಜೆ 143 ಸೆಕೆಂಡು ಇಟ್ಟರೆ ಸೂತ್ರ ತುಂಬಾ ಸರಳವಾಗುತ್ತೆ: ಮೇಲಿನದು + ಕೆಳಗಿನದು − ತನ್ನದು.

ಸ್ಲ್ಯಾಬ್ ಪೂರ್ತಿ 30 ಡಿಗ್ರಿ ಇರಲಿ, ಮೇಲ್ಮೈ ಒಮ್ಮೆಗೇ 60 ಆಗಲಿ. ಮೊದಲ ಪದರ: 60 + 30 − 30 = 60. ಎರಡನೆಯದು ಇನ್ನೂ 30. ಮುಂದಿನ ಹೆಜ್ಜೆ: ಮೊದಲನೆಯದು 60 + 30 − 60 = 30, ಎರಡನೆಯದು 60 + 30 − 30 = 60. ಮೂರನೇ ಹೆಜ್ಜೆ: ಮೊದಲನೆಯದು 60 + 60 − 30 = 90. ಹೊರಗೆ 60 ಇದ್ದು ಒಳಗೆ 90 ಡಿಗ್ರಿ! ಇನ್ನೂ ಮುಂದೆ ಹೋದರೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ. ಪ್ರೋಗ್ರಾಮಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ನೋಡಿ.

ಹೆಜ್ಜೆಯನ್ನು ಅರ್ಧ ಮಾಡಿ, 71 ಸೆಕೆಂಡು. ಈಗ ಹೊಸ ಉಷ್ಣತೆ ಅಂದರೆ ಮೇಲಿನದು, ಕೆಳಗಿನದು ಎರಡರ ಸರಾಸರಿ. ಸರಾಸರಿ ಯಾವತ್ತೂ 60 ದಾಟಲ್ಲ ಅಲ್ವಾ? ಅದೇ ಗಡಿ. ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ಪದರದ ಸ್ವಂತ ಉಷ್ಣತೆಗೆ ಮೈನಸ್ ಚಿಹ್ನೆ ಬರುತ್ತೆ, ಬಿಸಿಯಾಗಿದ್ದದ್ದೇ ಮುಂದೆ ತಣ್ಣಗಾಗಲು ಕಾರಣವಾಗುತ್ತೆ. ಇನ್ನೊಂದು ತೊಂದರೆ: ಪದರವನ್ನು ಅರ್ಧ ತೆಳು ಮಾಡಿದರೆ ಹೆಜ್ಜೆಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಹೀಗೆ ಇಳಿಸುವ ಕಾಟ ಬೇಡ ಅನ್ನುವವರಿಗೆ ಕ್ರ್ಯಾಂಕ್-ನಿಕಲ್ಸನ್ ಅನ್ನುವ ಇನ್ನೊಂದು ಮೆಥಡ್ ಇದೆ. ಅಲ್ಲಿ ದೊಡ್ಡ ಹೆಜ್ಜೆಗೂ ಅಂಕಿಗಳು ಸಿಡಿದು ಹೋಗಲ್ಲ. ಆದರೆ ಪ್ರತಿ ಹೆಜ್ಜೆಗೂ ಎಲ್ಲ ಪದರಗಳ ಸಮೀಕರಣ ಒಟ್ಟಿಗೆ ಬಿಡಿಸಬೇಕು.

ಯಾವ ಮೆಥಡ್ ಬಳಸಿದರೂ ನಾನು ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸುತ್ತೇನೆ. ಉತ್ತರ ಗಮನಕ್ಕೆ ಬರುವಷ್ಟು ಬದಲಾದರೆ ಮೊದಲಿನದನ್ನು ನಂಬಲ್ಲ.

ಇಂಥ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್, ಮ್ಯಾಟ್‌ಲ್ಯಾಬಾ ಪೈಥಾನಾ ಅಂತಲೂ ಕೇಳಿದ್ದೀರಿ. ಪೈಥಾನ್, ಕಾಸು ಕೊಡಬೇಕಿಲ್ಲ. ಪೈಥಾನಿನ ಲೆಕ್ಕದ ಲೈಬ್ರರಿ ಸೈಪೈ ಒಳಗಿನ ‘ಸಾಲ್ವ್ ಐವಿಪಿ’ (solve_ivp) ಅನ್ನುವ ಫಂಕ್ಷನ್ನಿಗೆ ನೀವೇನೂ ಹೇಳದಿದ್ದರೆ ಅದು ಬಳಸುವುದು ನೀವು ಬೈದುಕೊಂಡು ಕಲಿತ ರುಂಗೆ-ಕುಟ್ಟ ಜಾತಿಯದ್ದನ್ನೇ. ಸ್ಲ್ಯಾಬಿನಂಥ ಲೆಕ್ಕದಲ್ಲಿ ಅದು ತೀರಾ ಸಣ್ಣ ಹೆಜ್ಜೆ ಇಟ್ಟು ಕುಂಟುತ್ತಿದ್ದರೆ ಮೆಥಡ್ಡನ್ನು ಅದರಲ್ಲೇ ಇರುವ, ಇಂಥ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ತಡೆದುಕೊಳ್ಳುವ ‘ಬಿಡಿಎಫ್’ಗೆ (BDF) ಬದಲಾಯಿಸಿ ನೋಡಿ.